ಇಪ್ಪತ್ತೊಂದು ಅಕ್ಷರದ ಜಾತಕ

ಹಣ ಕಳ್ಕೊಂಡು ನಮ್ಮ ಸ್ಟುಡಿಯೋಗೆ ಬರೋರು ಮೊದಲು ಹೇಳೋ ಮಾತು ಒಂದೇ: 'ಸಾರ್, ಕಂಪನಿ ರಿಜಿಸ್ಟರ್ ಆಗಿತ್ತು.' ರಸೀದಿ ತೋರಿಸ್ತಾರೆ. ತಳದಲ್ಲಿ ಇರುವೆ ಸಾಲಿನ ಹಾಗೆ ಒಂದು ನಂಬರ್ ಇರುತ್ತೆ. ಅದನ್ನ ಓದಿದೋರನ್ನ ನಾನಂತೂ ನೋಡಿಲ್ಲ. ಇವತ್ತು ಆ ನಂಬರಿನ ಕಥೆ ಕೇಳಿ.

1600ರ ಡಿಸೆಂಬರ್ 31ರಂದು ಇಂಗ್ಲೆಂಡಿನ ರಾಣಿ ಮೊದಲನೇ ಎಲಿಜಬೆತ್ ಈಸ್ಟ್ ಇಂಡಿಯಾ ಕಂಪನಿಗೆ ಸನ್ನದು ಕೊಟ್ಟಳು. ಮುಂದೆ ನಮ್ಮನ್ನೇ ಆಳಿದ ಆ ಕಂಪನಿಗೆ ನೋಂದಣಿ ಸಂಖ್ಯೆಯೇ ಇರಲಿಲ್ಲ! ಇರೋಕೆ ದಫ್ತರವೇ ಇರಲಿಲ್ಲವಲ್ಲ. 1720ರಲ್ಲಿ ಸೌತ್ ಸೀ ಕಂಪನಿಯ ಷೇರು ನೀರಗುಳ್ಳೆಯಂತೆ ಉಬ್ಬಿ ಒಡೆಯಿತು, ಜನ ಮುಳುಗಿದರು. ಆದರೂ ಬ್ರಿಟನ್ ರಿಜಿಸ್ಟ್ರಾರ್ ಅನ್ನೋ ಅಧಿಕಾರಿಯನ್ನ ಕೂರಿಸಿದ್ದು 1844ರ ಕಾಯ್ದೆಯಲ್ಲಿ. ಅಲ್ಲಿಂದ ಸನ್ನದಿನ ಗೊಡವೆ ಇಲ್ಲ, ಪುಸ್ತಕದಲ್ಲಿ ಹೆಸರು ಬರೆಸಿದರೆ ಆಯ್ತು. ಭಾರತಕ್ಕೆ ಅಂಥ ಕಾಯ್ದೆ 1850ರಲ್ಲಿ ಬಂತು.

ಈಗ ನಮ್ಮಲ್ಲಿರೋದು ಸಿಐಎನ್, ಅಂದರೆ ಕಾರ್ಪೊರೇಟ್ ಐಡೆಂಟಿಟಿ ನಂಬರ್. 21 ಅಕ್ಷರ, ಅಂಕಿಗಳ ಜಾತಕ. ಇನ್ಫೋಸಿಸ್‌ನದ್ದು ನೋಡಿ: ಎಲ್ 85110 ಕೆಎ 1981 ಪಿಎಲ್‌ಸಿ 013115. 'ಎಲ್' ಅಂದರೆ ಷೇರುಪೇಟೆಯಲ್ಲಿರುವ ಕಂಪನಿ; ಇಲ್ಲದಿದ್ದರೆ 'ಯು'. ಮುಂದಿನ ಐದಂಕಿ ಉದ್ಯಮದ ಕೋಡ್. ಆಮೇಲೆ ರಾಜ್ಯ, ಹುಟ್ಟಿದ ವರ್ಷ. ಪಿಎಲ್‌ಸಿ ಅಂದರೆ ಪಬ್ಲಿಕ್ ಲಿಮಿಟೆಡ್, ಪ್ರೈವೇಟ್ ಆದರೆ ಪಿಟಿಸಿ. ಕೊನೆಯ ಆರಂಕಿ ನೋಂದಣಿ ಸಂಖ್ಯೆ.

ಇಲ್ಲೇ ಸ್ವಾರಸ್ಯ ಇರೋದು. 1981ರಲ್ಲಿ ಇನ್ಫೋಸಿಸ್ ಹುಟ್ಟಿದ್ದು ಪುಣೆಯಲ್ಲಿ. ನಂಬರ್ ಮಾತ್ರ 'ಕೆಎ' ಅನ್ನುತ್ತೆ. ವಿಪ್ರೋ ನೋಡಿ: ಎಲ್ 32102 ಕೆಎ 1945 ಪಿಎಲ್‌ಸಿ 020800. ಮಹಾರಾಷ್ಟ್ರದ ಅಮಳನೇರ್‌ನಲ್ಲಿ ವನಸ್ಪತಿ ಮಾಡಿಕೊಂಡು ಶುರುವಾದ ಕಂಪನಿ ಅದು. ಇನ್ಫೋಸಿಸ್‌ಗಿಂತ 36 ವರ್ಷ ದೊಡ್ಡದು, ಆದರೆ ಅದರ ಕ್ರಮಸಂಖ್ಯೆ ಹಿಂದಿದೆ! ಯಾಕಂದ್ರೆ ವರ್ಷ ಹೇಳೋದು ಹುಟ್ಟನ್ನ, ಕೊನೆಯ ಸಂಖ್ಯೆ ಹೇಳೋದು ಕರ್ನಾಟಕದ ದಫ್ತರಕ್ಕೆ ಸೇರಿದ ಸರದಿಯನ್ನ. ವಲಸೆ ಬಂದೋರ ರೇಷನ್ ಕಾರ್ಡ್ ಇದ್ದ ಹಾಗೆ ಅಂದ್ಕೊಳ್ಳಿ.

2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಪತ್ರ, ಬಿಲ್, ನೋಟಿಸ್ ಎಲ್ಲದರ ಮೇಲೂ ಈ ನಂಬರ್ ಅಚ್ಚಾಗಿರಲೇಬೇಕು. ಸಾಲ ಕೊಡೋ ಬ್ಯಾಂಕು, ಸರಕು ಕೊಡೋ ವ್ಯಾಪಾರಿ ಇದನ್ನೇ ಹಿಡಿದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ದಾಖಲೆ ತೆಗೀತಾರೆ. ಬೀಗಮುದ್ರೆ ಬಿದ್ದ ಕಂಪನಿಯ ಹಳೇ ನಂಬರೂ ರಸೀದಿ ಮೇಲೆ ಚೆಂದವಾಗೇ ಕಾಣುತ್ತೆ. 2017ರಲ್ಲಿ ಸರ್ಕಾರ 2 ಲಕ್ಷಕ್ಕೂ ಹೆಚ್ಚು ಕಂಪನಿಗಳನ್ನ ಪಟ್ಟಿಯಿಂದ ಹೊಡೆದುಹಾಕಿತ್ತು, ನೆನಪಿದೆಯಾ?

ಇನ್ನೊಂದು ಮಾತು. ಈ ನಂಬರ್ ಇದೆ ಅಂದಮಾತ್ರಕ್ಕೆ ಠೇವಣಿ ಎತ್ತೋ ಹಕ್ಕು ಇದೆ ಅಂತಲ್ಲ. ಫೈನಾನ್ಸ್ ಕಂಪನಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇರೆ, ಚೀಟಿಗೆ 1982ರ ಚಿಟ್ ಫಂಡ್ ಕಾಯ್ದೆಯ ನೋಂದಣಿ ಬೇರೆ. ಪಾಲುದಾರಿಕೆ ಅಂಗಡಿಗೆ ಸಿಐಎನ್ ಇರಲ್ಲ, ತಪ್ಪೇನಿಲ್ಲ. ಆದರೆ ಹೆಸರಿನ ತುದಿಗೆ 'ಪ್ರೈವೇಟ್ ಲಿಮಿಟೆಡ್' ಅಂತ ಹಾಕ್ಕೊಂಡು ರಸೀದಿಯಲ್ಲಿ ನಂಬರೇ ಇಲ್ಲ ಅಂದ್ರೆ, ಆ ಏಜೆಂಟನ್ನ ಕಾಫಿ ಕೊಟ್ಟು ಕೂರಿಸಿ ಕೇಳಿ. ದುಡ್ಡು ಮಾತ್ರ ಆಮೇಲೆ.