ಘಾಟಿಯ ಹುಂಡಿಯೂ ನ್ಯಾಯಪೀಠವೂ

ದೊಡ್ಡಬಳ್ಳಾಪುರ ಸೀಮೆಯ ಘಾಟಿ ಕ್ಷೇತ್ರದಲ್ಲಿ ಏಕಶಿಲೆಯಲ್ಲಿಯೇ ಸುಬ್ರಹ್ಮಣ್ಯನು ಪೂರ್ವಾಭಿಮುಖನಾಗಿಯೂ ನರಸಿಂಹನು ಪಶ್ಚಿಮಾಭಿಮುಖನಾಗಿಯೂ ನೆಲಸಿರುವುದರಿಂದ, ಹಿಂಬದಿಯ ಸ್ವಾಮಿಯನ್ನು ಭಕ್ತರು ಗರ್ಭಗುಡಿಯ ಕನ್ನಡಿಯಲ್ಲಿ ಕಾಣುತ್ತಾರೆ. ಸಂತಾನಾಪೇಕ್ಷೆಯಿಂದ ನಾಗರಕಲ್ಲನ್ನು ಪ್ರತಿಷ್ಠಾಪಿಸಿ, ಹರಕೆಯ ಕಾಸನ್ನು ಹುಂಡಿಗೆ ಸಲ್ಲಿಸಿ ಹಿಂದಿರುಗುವ ದಂಪತಿಗಳಿಗೆ, ಆ ಕಾಸಿನ ಮುಂದಿನ ಗತಿಯನ್ನು ನಿರ್ಣಯಿಸುವುದರಲ್ಲಿ ನ್ಯಾಯಾಲಯಗಳಿಗೂ ಪಾಲುಂಟೆಂಬ ವಿಚಾರವು ಹೊಳೆಯುವುದು ವಿರಳ.

ಮೈಸೂರು ಸಂಸ್ಥಾನದಲ್ಲಿ ದೇವಾಲಯಗಳ ಆಡಳಿತವು 1927ರ ಮುಜರಾಯಿ ಶಾಸನಕ್ಕೆ ಅಧೀನವಾಗಿದ್ದಿತು. ಸಂವಿಧಾನವು ಬಂದ ತರುವಾಯ, 1954ರಲ್ಲಿ, ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಧರ್ಮದ ಅವಶ್ಯಾಂಗವಾವುದೆಂಬುದನ್ನು ಆ ಧರ್ಮದ ಸಿದ್ಧಾಂತಗಳಿಂದಲೇ ಅರಿಯತಕ್ಕದ್ದೆಂದೂ, ಆಸ್ತಿಯ ಆಡಳಿತವನ್ನಾದರೋ ಕಾನೂನು ನಿಯಂತ್ರಿಸಬಹುದೆಂದೂ ಸಾರಿತು. ಪೂಜೆಯು ಆಗಮಕ್ಕೆ, ಲೆಕ್ಕವು ಸರ್ಕಾರಕ್ಕೆ ಎಂದು ಇಂದು ನಮಗೆ ಸಹಜವಾಗಿ ತೋರುವ ವಿಭಜನೆಗೆ ಈ ತೀರ್ಪೇ ದೃಢವಾದ ಆಧಾರ.

ಪ್ರಾಂತಕ್ಕೊಂದರಂತೆ ಉಳಿದಿದ್ದ ಹಳೆಯ ಶಾಸನಗಳ ಸ್ಥಾನದಲ್ಲಿ 1997ರಲ್ಲಿ ರಚಿತವಾಗಿ 2003ರಲ್ಲಿ ಜಾರಿಗೆ ಬಂದ ಅಧಿನಿಯಮವನ್ನು, ಮಠಗಳನ್ನು ಹೊರಗಿಟ್ಟದ್ದೇ ಮೊದಲಾದ ತಾರತಮ್ಯಗಳನ್ನೆಣಿಸಿ, ಕರ್ನಾಟಕದ ಉಚ್ಚ ನ್ಯಾಯಾಲಯವು 2006ರಲ್ಲಿ ಅಸಿಂಧುವೆಂದಿತು. ಸರ್ಕಾರವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕು ತಡೆಯಾಜ್ಞೆ ಪಡೆಯಿತು. ಶಾಸನವು ಉಳಿಯಿತು, ತಿದ್ದುಪಡಿಗಳನ್ನೂ ಕಂಡಿತು. ವರಮಾನವುಳ್ಳ ಕ್ಷೇತ್ರಗಳ ಆದಾಯದ ಒಂದಂಶದಿಂದ ಬಡ ದೇಗುಲಗಳಿಗೆ ನೆರವೀಯುವ ಸಾಮಾನ್ಯ ಸಂಗ್ರಹಣಾ ನಿಧಿಯೂ ಇದರ ಬಲದಿಂದಲೇ ನಡೆಯುತ್ತಿದೆ. ದೀಪಕ್ಕೆ ಎಣ್ಣೆಯಿಲ್ಲದ ಹಳ್ಳಿಯ ಗುಡಿಗಳನ್ನು ಬಲ್ಲ ನನಗೆ ಈ ವ್ಯವಸ್ಥೆಯು ನ್ಯಾಯವೆಂದೇ ತೋರುತ್ತದೆ.