ಸಕ್ಕರೆಯ ದ್ವೀಪದಲ್ಲಿ ಎಂಟು ದಿನಗಳು

ಪ್ರೌಢಶಾಲೆಯ ಚರಿತ್ರೆಯ ಪಾಠದಲ್ಲಿ ವೆಸ್ಟ್ ಇಂಡೀಸ್ ಒಂದು ವಾಕ್ಯದಲ್ಲಿ ಬಂದು ಆ ವಾಕ್ಯದಲ್ಲೇ ಮುಗಿದುಹೋಗುತ್ತದೆ. ಭಾರತಕ್ಕೆ ಜಲಮಾರ್ಗವನ್ನು ಹುಡುಕುತ್ತ ಹೊರಟ ಕೊಲಂಬಸನು 1492ರಲ್ಲಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿ, ಅವೇ ಇಂಡೀಸ್ ಎಂದು ನಂಬಿದನು. ಹೆಸರು ಹಾಗೆಯೇ ಉಳಿಯಿತು. ಅನಂತರ ನಮ್ಮ ಮಕ್ಕಳು ಆ ಹೆಸರನ್ನು ಕೇಳುವುದು ಕ್ರಿಕೆಟ್ ಮೈದಾನದಲ್ಲಿ. ಸೋಬರ್ಸ್, ಮಾರ್ಷಲ್, ಗಾರ್ನರ್ ಎಂಬ ಹೆಸರುಗಳನ್ನು ನನ್ನ ಹಳೆಯ ವಿದ್ಯಾರ್ಥಿಗಳು ಸಾಮ್ರಾಟರ ವಂಶಾವಳಿಗಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದರು. ಕೊಲಂಬಸನಿಗೂ ಸೋಬರ್ಸನಿಗೂ ನಡುವೆ ಇರುವ ನಾಲ್ಕೂವರೆ ಶತಮಾನಗಳಲ್ಲಿ ಅಲ್ಲಿ ಏನಾಯಿತೆಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಆ ಕಥೆಯನ್ನು ಸ್ವಲ್ಪಮಟ್ಟಿಗೆ ಕಣ್ಣಾರೆ ಕಾಣುವ ಅವಕಾಶ ನನಗೆ ದೊರೆತುದರಿಂದ ಈ ಬರಹ.

ಅಮೆರಿಕದಲ್ಲಿರುವ ಮಗ ಮತ್ತು ಸೊಸೆ ರಜೆಗೆಂದು ಬಾರ್ಬಡೋಸ್‌ಗೆ ಹೊರಟಾಗ ನನ್ನನ್ನೂ ನನ್ನ ಶ್ರೀಮತಿಯನ್ನೂ ಜೊತೆಗೆ ಕರೆದೊಯ್ದರು. ನ್ಯೂಯಾರ್ಕ್‌ನಿಂದ ಸುಮಾರು ಐದು ಗಂಟೆಗಳ ವಿಮಾನಯಾನ. ಪಶ್ಚಿಮ ತೀರದ ಒಂದು ವಿಹಾರಧಾಮದಲ್ಲಿ ಎಂಟು ದಿನಗಳ ವಾಸ. ಬೆಳಿಗ್ಗೆ ಸಮುದ್ರಸ್ನಾನ, ಮಧ್ಯಾಹ್ನ ಬಾದಾಮಿ ಮರದ ನೆರಳು, ಸಂಜೆ ಸೂರ್ಯಾಸ್ತ. ಇದು ಮಕ್ಕಳ ಕಾರ್ಯಕ್ರಮ. ಚರಿತ್ರೆಯ ಮೇಷ್ಟ್ರಿಗೆ ಎರಡು ದಿನಕ್ಕಿಂತ ಹೆಚ್ಚು ಸುಮ್ಮನೆ ಕುಳಿತಿರಲು ಬರುವುದಿಲ್ಲವೆಂದು ತಿಳಿದಿದ್ದ ಮಗ, ಉಳಿದ ದಿನಗಳಿಗೆ ಒಂದು ಕಾರನ್ನು ಗೊತ್ತುಮಾಡಿದ್ದ. ಅಲ್ಲಿಯೂ ನಮ್ಮಂತೆಯೇ ರಸ್ತೆಯ ಎಡಬದಿಯ ಸಂಚಾರ.

ಬಾರ್ಬಡೋಸ್ ಬಹಳ ಚಿಕ್ಕ ನಾಡು. ಉದ್ದ ಸುಮಾರು 34 ಕಿ.ಮೀ., ಅಗಲ ಸುಮಾರು 23 ಕಿ.ಮೀ., ಜನಸಂಖ್ಯೆ ಮೂರು ಲಕ್ಷಕ್ಕೂ ಕಡಿಮೆ. ಪಶ್ಚಿಮಕ್ಕೆ ಶಾಂತವಾದ ಕೆರಿಬಿಯನ್ ಸಮುದ್ರ. ಪೂರ್ವಕ್ಕೆ ಅಬ್ಬರಿಸುವ ಅಟ್ಲಾಂಟಿಕ್. ಪೂರ್ವತೀರದ ಬಾತ್‌ಶೀಬಾ ಎಂಬ ಊರಿನಲ್ಲಿ ದಂಡೆಯ ಮೇಲೆ ನಿಂತಿರುವ ಹೆಬ್ಬಂಡೆಗಳ ನಡುವೆ ಅಲೆಗಳು ಒಡೆಯುವುದನ್ನು ನೋಡುತ್ತಿದ್ದರೆ, ಆ ದಿಕ್ಕಿನಲ್ಲಿ ಮುಂದಿನ ನೆಲ ಆಫ್ರಿಕವೇ ಎಂಬ ಮಾತು ತಾನಾಗಿ ನೆನಪಾಗುತ್ತದೆ. 'ಬಾರ್ಬಡೋಸ್' ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ 'ಗಡ್ಡವುಳ್ಳವರು'. ಗಡ್ಡದಂತೆ ಬಿಳಲು ಇಳಿಬಿಡುವ ಒಂದು ಬಗೆಯ ಅತ್ತಿಮರದಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಅದು ನಮ್ಮ ಆಲದ ಮರಕ್ಕೆ ದಾಯಾದಿ.

1625ರಲ್ಲಿ ಇಂಗ್ಲಿಷ್ ಹಡಗೊಂದು ಇಲ್ಲಿಗೆ ಬಂದು ದ್ವೀಪವು ತಮ್ಮ ದೊರೆಯದೆಂದು ಸಾರಿತು. 1627ರ ಫೆಬ್ರವರಿಯಲ್ಲಿ ಮೊದಲ ವಲಸಿಗರು, ಸುಮಾರು ಎಂಬತ್ತು ಇಂಗ್ಲಿಷರು ಮತ್ತು ಹತ್ತು ಆಫ್ರಿಕನ್ನರು, ಹೋಲ್‌ಟೌನ್ ಎಂಬಲ್ಲಿ ಇಳಿದರು. ಆ ಊರಿನಲ್ಲಿ ಒಂದು ಸ್ಮಾರಕಸ್ತಂಭವಿದೆ. ಅದರ ಮೇಲೆ ಇಂಗ್ಲಿಷರು ಬಂದ ವರ್ಷ 1605 ಎಂದು ಕೆತ್ತಲಾಗಿದೆ! 1627ನೆಯ ಇಸವಿಯನ್ನು ಸೂಚಿಸುವ ಇನ್ನೊಂದು ಫಲಕವನ್ನು ಅನಂತರ ಅಳವಡಿಸಿದ್ದಾರೆ. ಶಿಲಾಶಾಸನವೆಂದ ಮಾತ್ರಕ್ಕೆ ಪ್ರಮಾಣವಲ್ಲ, ಅದನ್ನು ಇತರ ಆಧಾರಗಳೊಡನೆ ಒರೆಹಚ್ಚಬೇಕು ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಮೊದಲ ವಲಸಿಗರು ಬೆಳೆದದ್ದು ಹೊಗೆಸೊಪ್ಪು ಮತ್ತು ಹತ್ತಿ. ಅದರಲ್ಲಿ ಹೆಚ್ಚು ಲಾಭ ಕಾಣಲಿಲ್ಲ. 1640ರ ದಶಕದಲ್ಲಿ ಬ್ರೆಜಿಲ್‌ನಿಂದ ಕಬ್ಬಿನ ಬೇಸಾಯವೂ ಸಕ್ಕರೆ ತಯಾರಿಸುವ ವಿದ್ಯೆಯೂ ಬಂದುವು. ಇಲ್ಲಿ ಒಂದು ಮಾತು ಹೇಳಬೇಕು. ಸಂಸ್ಕೃತದ 'ಶರ್ಕರಾ' ಶಬ್ದವೇ ಪಾರಸಿಯಲ್ಲಿ 'ಶಕರ್', ಅರಬ್ಬಿಯಲ್ಲಿ 'ಸುಕ್ಕರ್', ಇಂಗ್ಲಿಷಿನಲ್ಲಿ 'ಶುಗರ್' ಆಯಿತು. ನಮ್ಮ 'ಖಂಡ'ವೇ ಅವರ 'ಕ್ಯಾಂಡಿ'. ಕಬ್ಬಿನ ಹಾಲನ್ನು ಕಾಯಿಸಿ ಹರಳುಗಟ್ಟಿಸುವ ವಿದ್ಯೆ ನಮ್ಮ ದೇಶದಿಂದ ಹೊರಟು, ಪರ್ಷಿಯ, ಅರೇಬಿಯ, ಮೆಡಿಟರೇನಿಯನ್ ದೇಶಗಳನ್ನು ದಾಟಿ ಅಟ್ಲಾಂಟಿಕ್ ಸೇರಿತು. ಕೊಲಂಬಸನೇ ತನ್ನ 1493ರ ಎರಡನೆಯ ಯಾನದಲ್ಲಿ ಕಬ್ಬಿನ ತುಂಡುಗಳನ್ನು ಒಯ್ದಿದ್ದನು.

ನಾನು ಮಂಡ್ಯ ಸೀಮೆಯವನು. ಆಲೆಮನೆಯ ಹೊಗೆ, ಕುದಿಯುವ ಕೊಪ್ಪರಿಗೆ, ಬಿಸಿ ಬೆಲ್ಲದ ಪರಿಮಳ ಇವೆಲ್ಲ ನನ್ನ ಬಾಲ್ಯದ ಭಾಗ. ಆದ್ದರಿಂದ ಮಾರ್ಗನ್ ಲೂಯಿಸ್ ಎಂಬಲ್ಲಿ ಉಳಿಸಿಕೊಂಡಿರುವ ಹಳೆಯ ಗಾಳಿಗಿರಣಿಯ ಮುಂದೆ ನಿಂತಾಗ ಪರಿಚಿತವಾದ ವಸ್ತುವನ್ನೇ ಕಂಡಂತಾಯಿತು. ನಮ್ಮಲ್ಲಿ ಎತ್ತುಗಳು ಗಾಣ ತಿರುಗಿಸಿದರೆ ಅಲ್ಲಿ ಗಾಳಿ ತಿರುಗಿಸುತ್ತಿತ್ತು. ಒಂದು ಕಾಲದಲ್ಲಿ ಈ ಪುಟ್ಟ ದ್ವೀಪದಲ್ಲಿ ಇಂತಹ ಐನೂರು ಗಿರಣಿಗಳಿದ್ದುವಂತೆ. ಕಡಿದ ಕಬ್ಬನ್ನು ತಡಮಾಡದೆ ಅರೆಯದಿದ್ದರೆ ಹಾಲು ಹುಳಿಯುತ್ತದೆ. ಇದು ಮಂಡ್ಯದ ರೈತನಿಗೂ ಗೊತ್ತು. ಅದಕ್ಕಾಗಿ ಸುಗ್ಗಿಯ ತಿಂಗಳುಗಳಲ್ಲಿ ಅಲ್ಲಿ ಹಗಲಿರುಳೂ ಗಿರಣಿ ನಡೆಯುತ್ತಿತ್ತು. ನಿದ್ದೆಗೆಟ್ಟ ಗುಲಾಮನ ಕೈ ಗಾಣದ ಉರುಳೆಗಳ ನಡುವೆ ಸಿಕ್ಕಿದರೆ ತಕ್ಷಣ ತೋಳನ್ನು ಕತ್ತರಿಸಿ ಪ್ರಾಣ ಉಳಿಸಲೆಂದು ಪಕ್ಕದಲ್ಲೇ ಒಂದು ಕೊಡಲಿಯನ್ನು ಇಟ್ಟಿರುತ್ತಿದ್ದರು. ಈ ವಿಷಯ ಕೇಳಿದ ಮೇಲೆ ನನಗೆ ಆ ಗಿರಣಿ ಪರಿಚಿತವಾಗಿ ಉಳಿಯಲಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಸೇಂಟ್ ನಿಕೊಲಸ್ ಅಬೆ ಇದೆ. ಹೆಸರಿನಲ್ಲಿ ಮಠವಿದ್ದರೂ ಅದು ಎಂದೂ ಮಠವಾಗಿರಲಿಲ್ಲ. 1658ರ ಸುಮಾರಿಗೆ ಕಟ್ಟಿದ ತೋಟದ ಮಾಲೀಕನ ಬಂಗಲೆ. ಬಳುಕುವ ಅಂಚಿನ ಮುಂಗೋಡೆಗಳು, ಮಹಾಗನಿ ಮರಗಳ ಸಾಲು, ಕಾಕಂಬಿಯ ಬದಲು ಕಬ್ಬಿನ ಹಾಲಿನಿಂದಲೇ ರಮ್ ತಯಾರಿಸುವ ಭಟ್ಟಿ, ಮಕ್ಕಳಿಗಾಗಿ ಒಂದು ಉಗಿಬಂಡಿ. ಎಲ್ಲವೂ ಸುಂದರ, ಎಲ್ಲವೂ ಒಪ್ಪವಾಗಿದೆ. ಮೊಮ್ಮಗಳು ಉಗಿಬಂಡಿಯಲ್ಲಿ ಕುಳಿತು ಬಹಳ ಸಂತೋಷಪಟ್ಟಳು.

ಈ ಸೌಂದರ್ಯದ ತಳಹದಿ ಒಂದು ಕಾನೂನು. ಗುಲಾಮರನ್ನು ಹೇಗೆ ಹತೋಟಿಯಲ್ಲಿಡಬೇಕೆಂದು ಬಾರ್ಬಡೋಸ್ ಶಾಸನಸಭೆ 1661ರಲ್ಲಿ ಒಂದು ಸಮಗ್ರ ಕಾಯಿದೆಯನ್ನು ಮಾಡಿತು. ಮನುಷ್ಯನನ್ನು ಆಸ್ತಿಯೆಂದು ಪರಿಗಣಿಸಿದ ಆ ಕಾಯಿದೆಯೇ ಮುಂದೆ ಜಮೈಕಕ್ಕೂ ಅಮೆರಿಕದ ದಕ್ಷಿಣ ಕೆರೊಲಿನಕ್ಕೂ ಮಾದರಿಯಾಯಿತು. ಸಕ್ಕರೆಯ ಜೊತೆಗೆ ಗುಲಾಮಗಿರಿಯ ಕಾನೂನೂ ಈ ದ್ವೀಪದಿಂದ ರಫ್ತಾಯಿತು ಎನ್ನಬಹುದು.

ಐದನೆಯ ದಿನ ನ್ಯೂಟನ್ ಎಂಬಲ್ಲಿಗೆ ಹೋದೆವು. ಅಲ್ಲಿ ನೋಡುವಂತಹುದು ಏನೂ ಇಲ್ಲ. ಹುಲ್ಲು ಬೆಳೆದ ಒಂದು ಇಳಿಜಾರು ಬಯಲು. ಸುಮಾರು 1660ರಿಂದ 1820ರವರೆಗೆ ನ್ಯೂಟನ್ ತೋಟದ ಗುಲಾಮರನ್ನು ಹೂಳುತ್ತಿದ್ದ ನೆಲ ಅದು. ಅಂದಾಜು 570 ಜನ ಅಲ್ಲಿ ಮಲಗಿದ್ದಾರೆ. 1970ರ ದಶಕದ ಆರಂಭದಲ್ಲಿ ವಿದ್ವಾಂಸರು ಉತ್ಖನನ ನಡೆಸಿ, ಎಲುಬು ಮತ್ತು ಹಲ್ಲುಗಳಿಂದ ಅವರ ಹಸಿವನ್ನೂ ರೋಗಗಳನ್ನೂ ಓದಿದರು. ಒಬ್ಬ ವೃದ್ಧನ ಕೊರಳಲ್ಲಿ ಕವಡೆ, ಗಾಜಿನ ಮಣಿ, ನಾಯಿಯ ಹಲ್ಲುಗಳನ್ನು ಪೋಣಿಸಿದ ಹಾರವಿತ್ತು. ಅವನು ತನ್ನ ಜನರ ವೈದ್ಯನೋ ಕಣಿ ಹೇಳುವವನೋ ಆಗಿದ್ದಿರಬೇಕು. ಆ ಹಾರದಲ್ಲಿ ಒಂದು ಕೆಂಪು ಕಲ್ಲಿನ ದೊಡ್ಡ ಮಣಿಯೂ ಇತ್ತು. ಅದು ನಮ್ಮ ಗುಜರಾತಿನ ಖಂಬಾತ್‌ನಲ್ಲಿ ತಯಾರಾದದ್ದಿರಬೇಕೆಂದು ಪುರಾತತ್ತ್ವಜ್ಞರ ಅಭಿಪ್ರಾಯ. ಖಂಬಾತ್‌ನಿಂದ ಆಫ್ರಿಕಕ್ಕೆ, ಆಫ್ರಿಕದಿಂದ ಗುಲಾಮರ ಹಡಗು ಸೇರಿ ಅಟ್ಲಾಂಟಿಕ್‌ನ ಆಚೆಗೆ. ಆ ಮಣಿ ಕ್ರಮಿಸಿದ ದಾರಿಯನ್ನು ಯಾವ ಪಠ್ಯಪುಸ್ತಕದ ಭೂಪಟವೂ ತೋರಿಸುವುದಿಲ್ಲ.

ಮೊಮ್ಮಗಳು ಬಯಲನ್ನೆಲ್ಲ ಸುತ್ತಿ ಬಂದು, "ತಾತ, ಯಾರ ಹೆಸರೂ ಬರೆದಿಲ್ಲವಲ್ಲ?" ಎಂದಳು.

"ಬರೆಯಲು ಅವರಿಗೆ ಅಕ್ಷರ ಕಲಿಸಿರಲಿಲ್ಲ ಪುಟ್ಟಿ. ಕಲಿತಿದ್ದವರು ಬರೆಯಲಿಲ್ಲ," ಎಂದೆ.

ಮೂವತ್ತು ವರ್ಷಕ್ಕೂ ಮಿಕ್ಕಿ ದಿನವೂ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು ಹೆಸರು ಕೂಗಿದವನು ನಾನು. ಹೆಸರು ಕೂಗಿದಾಗ "ಬಂದಿದ್ದೇನೆ ಸಾರ್" ಎಂಬ ದನಿ ಬರುವುದರಲ್ಲಿ ಎಷ್ಟು ಅರ್ಥವಿದೆಯೆಂದು ಆ ಬಯಲಿನಲ್ಲಿ ಮನಸ್ಸಿಗೆ ನಾಟಿತು.

ವಿಚಿತ್ರವೆಂದರೆ ಬಾರ್ಬಡೋಸ್ ಗುಲಾಮರಿಗೂ ಒಂದು ಹಾಜರಿ ಪುಸ್ತಕವಿತ್ತು. ಗುಲಾಮರನ್ನು ನೋಂದಾಯಿಸಬೇಕೆಂಬ ಮಸೂದೆ 1815ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನ ಮುಂದೆ ಬಂದಾಗ, ತಮಗೆ ಬಿಡುಗಡೆಯಾಗಿದೆ, ಮಾಲೀಕರು ಅದನ್ನು ಮುಚ್ಚಿಟ್ಟಿದ್ದಾರೆ ಎಂಬ ಸುದ್ದಿ ಗುಲಾಮರ ನಡುವೆ ಹಬ್ಬಿತು. 1816ರ ಏಪ್ರಿಲ್ 14ರಂದು, ಈಸ್ಟರ್ ಭಾನುವಾರ, ಬಸ್ಸಾ ಎಂಬವನ ನಾಯಕತ್ವದಲ್ಲಿ ಅವರು ದಂಗೆಯೆದ್ದು ಕಬ್ಬಿನ ಗದ್ದೆಗಳಿಗೆ ಬೆಂಕಿ ಇಟ್ಟರು. ಕೆಲವೇ ದಿನಗಳಲ್ಲಿ ಸೈನ್ಯ ದಂಗೆಯನ್ನು ಅಡಗಿಸಿತು. ಬಸ್ಸಾ ಕಾಳಗದಲ್ಲಿ ಮಡಿದನು; ನೂರಾರು ಜನ ಪ್ರಾಣ ತೆತ್ತರು. ಮರುವರ್ಷ, 1817ರಲ್ಲಿ, ನೋಂದಣಿ ಆರಂಭವಾಯಿತು. ಮೂರು ವರ್ಷಕ್ಕೊಮ್ಮೆ ಪ್ರತಿಯೊಬ್ಬ ಮಾಲೀಕನೂ ತನ್ನ ಗುಲಾಮರ ಹೆಸರು, ಲಿಂಗ, ವಯಸ್ಸುಗಳನ್ನು ಬರೆಯಿಸಬೇಕಾಗಿತ್ತು. ಆಸ್ತಿಯ ಲೆಕ್ಕಕ್ಕೆಂದು ಬರೆದ ಆ ಪುಸ್ತಕಗಳಲ್ಲಿಯೇ ಇಂದು ಬಾರ್ಬಡೋಸ್ ಮೂಲದ ಕುಟುಂಬಗಳು ತಮ್ಮ ಪೂರ್ವಜರನ್ನು ಹುಡುಕಿಕೊಳ್ಳುತ್ತಿವೆ.

1834ರ ಆಗಸ್ಟ್ 1ರಂದು ಗುಲಾಮಗಿರಿ ಕಾನೂನಿನಲ್ಲಿ ರದ್ದಾಯಿತು. 'ತರಬೇತಿ' ಎಂಬ ಹೆಸರಿನ ಜೀತ ಮುಗಿದು ನಿಜವಾದ ಬಿಡುಗಡೆ ದೊರೆತದ್ದು 1838ರಲ್ಲಿ. ಬ್ರಿಟಿಷ್ ಸರ್ಕಾರ ಎರಡು ಕೋಟಿ ಪೌಂಡ್ ಪರಿಹಾರ ನೀಡಿತು. ಯಾರಿಗೆ? ಮಾಲೀಕರಿಗೆ! ಅದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಗುಲಾಮರಾಗಿದ್ದವರಿಗೆ ಒಂದು ಕಾಸೂ ಸಿಗಲಿಲ್ಲ.

ಟ್ರಿನಿಡಾಡ್, ಗಯಾನಾಗಳಲ್ಲಿ ಬಿಡುಗಡೆ ಹೊಂದಿದವರು ತೋಟಗಳನ್ನು ಬಿಟ್ಟು ಖಾಲಿ ಭೂಮಿಗೆ ಹೋದಾಗ ಮಾಲೀಕರು ಕರಾರಿನ ಕೂಲಿಗಳನ್ನಾಗಿ ನಮ್ಮವರನ್ನು ಹಡಗೇರಿಸಿದರು. 1838ರಲ್ಲಿ ಗಯಾನಾಕ್ಕೂ 1845ರಲ್ಲಿ ಟ್ರಿನಿಡಾಡ್‌ಗೂ ಮೊದಲ ತಂಡಗಳು ಹೋದುವು. ಹೆಚ್ಚಿನವರು ಬಿಹಾರ, ಅವಧದ ಕಡೆಯವರು. ಮದರಾಸು ಬಂದರಿನಿಂದಲೂ ಕೆಲವು ಹಡಗುಗಳು ಹೊರಟಿದ್ದುವು. ಬಾರ್ಬಡೋಸ್‌ಗೆ ಹಾಗೆ ಯಾರನ್ನೂ ತರುವ ಅಗತ್ಯ ಬೀಳಲಿಲ್ಲ. ಅಲ್ಲಿ ಅಂಗೈಯಗಲ ಭೂಮಿಯೂ ಮಾಲೀಕರದೇ ಆಗಿತ್ತು. ಸ್ವತಂತ್ರನಾದವನು ಅದೇ ತೋಟದಲ್ಲಿ ಕೂಲಿ ಮಾಡದೆ ಬೇರೆ ದಾರಿಯಿರಲಿಲ್ಲ. ರಸ್ತೆಯುದ್ದಕ್ಕೂ ಕಾಣುವ ಚೊಕ್ಕವಾದ ಮರದ ಪುಟ್ಟ ಮನೆಗಳು ಈ ಕಥೆಯ ಸಾಕ್ಷಿಗಳು. ಅವನ್ನು 'ಚಾಟೆಲ್ ಹೌಸ್', ಅಂದರೆ ಚರಾಸ್ತಿ ಮನೆ ಎನ್ನುತ್ತಾರೆ. ನೆಲ ಧಣಿಯದು, ಮನೆ ಮಾತ್ರ ಕೂಲಿಯದು. ಧಣಿ ಮುನಿದು ಎಬ್ಬಿಸಿದರೆ ಹಲಗೆಗಳನ್ನು ಬಿಚ್ಚಿ ಗಾಡಿಗೆ ಹೇರಿ ಬೇರೆಡೆ ನಿಲ್ಲಿಸಿಕೊಳ್ಳಲು ಅನುಕೂಲವಾಗುವಂತೆ ಕಲ್ಲುಗಳ ಮೇಲೆ ಸಡಿಲವಾಗಿ ಕೂರಿಸಿದ ಮನೆಗಳವು. ಪ್ರವಾಸಿಗರು ಈಗ ಅವುಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ.

ರಾಜಧಾನಿ ಬ್ರಿಜ್‌ಟೌನ್ ಮತ್ತು ಅದರ ಸೇನಾ ಠಾಣ್ಯವು 2011ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. 1751ರಲ್ಲಿ ಹತ್ತೊಂಬತ್ತರ ತರುಣ ಜಾರ್ಜ್ ವಾಷಿಂಗ್ಟನ್ ಕಾಯಿಲೆಯ ಅಣ್ಣನೊಡನೆ ಬಂದು ತಂಗಿದ್ದ ಮನೆ ಅಲ್ಲಿದೆ. ಊರ ನಡುವೆ 1813ರಿಂದ ನಿಂತಿದ್ದ ನೆಲ್ಸನ್ ಪ್ರತಿಮೆಯನ್ನು 2020ರ ನವೆಂಬರಿನಲ್ಲಿ ಇಳಿಸಿದರು. 1966ರಲ್ಲಿ ಸ್ವತಂತ್ರವಾದ ದೇಶ 2021ರ ನವೆಂಬರ್ 30ರಂದು ಗಣರಾಜ್ಯವಾಯಿತು. ಅದಾದ ಕೆಲವೇ ದಿನಗಳಲ್ಲಿ ನ್ಯೂಟನ್ ಬಯಲಿನಲ್ಲಿ ಒಂದು ಸ್ಮಾರಕವನ್ನು ಕಟ್ಟುವುದಾಗಿ ಸರ್ಕಾರ ಪ್ರಕಟಿಸಿತು.

ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಮೈದಾನವನ್ನು ನೋಡದೆ ಬರುವುದುಂಟೆ? 1962ರಲ್ಲಿ ಅಲ್ಲಿಯೇ ನಮ್ಮ ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಗೆ ಗ್ರಿಫಿತ್ ಎಸೆದ ಚೆಂಡು ಬಡಿದು ತಲೆಬುರುಡೆ ಬಿರಿಯಿತು. ಆಗ ರಕ್ತ ಕೊಟ್ಟವರಲ್ಲಿ ಎದುರಾಳಿ ತಂಡದ ನಾಯಕ, ಬಾರ್ಬಡೋಸಿನವರೇ ಆದ ಫ್ರಾಂಕ್ ವೊರೆಲ್ ಕೂಡ ಇದ್ದರು. ಗುಲಾಮರ ಮೊಮ್ಮಕ್ಕಳ ನಾಡು ನಮಗೆ ಕೊಟ್ಟ ಈ ಋಣವನ್ನು ಮರೆಯಲಾಗದು.

ಊಟದ ವಿಷಯವನ್ನು ನನ್ನ ಶ್ರೀಮತಿ ಬರೆಯಲೇಬೇಕೆಂದಿದ್ದಾಳೆ. ಅಲ್ಲಿನವರ 'ಕೂಕೂ' ಎಂಬುದು ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿಯೊಡನೆ ಕುದಿಸಿ ಮರದ ಕೋಲಿನಿಂದ ತೊಳಸಿ ಮಾಡುವ ಮುದ್ದೆ. ಮೀನಿನ ಸಾರನ್ನು ಬಿಟ್ಟು ಬರಿಯ ಕೂಕೂ ತಿಂದ ಆಕೆ, "ಇವರೂ ನಮ್ಮಂತೆ ಹಿಟ್ಟಿನ ಜನವೇ" ಎಂದು ತೀರ್ಪು ಕೊಟ್ಟಳು. ರಾಗಿಯೂ ಆಫ್ರಿಕದಿಂದಲೇ ನಮಗೆ ಬಂದದ್ದಲ್ಲವೇ?

ಇಂದು ಆ ದ್ವೀಪದ ಜೀವನಾಧಾರ ಸಕ್ಕರೆಯಲ್ಲ, ಪ್ರವಾಸಿಗರು. 1961ರಲ್ಲಿ ತೆರೆದ ಅಲ್ಲಿನ ಸುಪ್ರಸಿದ್ಧ ಸ್ಯಾಂಡಿ ಲೇನ್ ಹೋಟೆಲು ನಿಂತಿರುವುದೂ ಒಂದು ಹಳೆಯ ಕಬ್ಬಿನ ತೋಟದ ನೆಲದಲ್ಲಿ. ಆದರೆ ಎಷ್ಟೇ ದೊಡ್ಡ ಹೋಟೆಲಾದರೂ ಮುಂದಿನ ಮರಳಿಗೆ ಬೇಲಿ ಹಾಕುವಂತಿಲ್ಲ, ಕಡಲತೀರವೆಲ್ಲ ಸಾರ್ವಜನಿಕ. ಭಾನುವಾರ ಸಂಜೆ ಊರಿನ ಜನ ಮಕ್ಕಳುಮರಿಗಳೊಡನೆ ಬಂದು ನಮ್ಮ ಪಕ್ಕದಲ್ಲೇ ಈಜುತ್ತಿದ್ದರು. ಅಂಗೈಯಗಲ ಭೂಮಿಯೂ ತಮ್ಮದಲ್ಲದಿದ್ದವರ ಸಂತತಿ ಅದು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಪರದೇಶಗಳಲ್ಲಿದ್ದೀರಿ. ಇಂತಹ ದ್ವೀಪಗಳಿಗೆ ರಜೆಗೆ ಹೋಗುವವರೂ ಇದ್ದೀರಿ. ಸಂತೋಷವಾಗಿ ಹೋಗಿ, ಈಜಿ, ಮಕ್ಕಳನ್ನು ನಗಿಸಿ. ಒಂದು ಅರ್ಧ ದಿನವನ್ನು ಮಾತ್ರ ನ್ಯೂಟನ್‌ನಂತಹ ಬಯಲಿಗೆ ಮೀಸಲಿಡಿ. ಮಕ್ಕಳು ಪ್ರಶ್ನೆ ಕೇಳುತ್ತಾರೆ. ಉತ್ತರ ಹೇಳಲು ನೀವು ಸ್ವಲ್ಪ ಓದಿಕೊಂಡು ಹೋಗಿರಿ. ಸಂಕ್ರಾಂತಿಯಂದು ಎಳ್ಳುಬೆಲ್ಲದ ಜೊತೆ ಕಬ್ಬಿನ ಜಲ್ಲೆ ಬೀರುವ ನಾವು, ಆ ಸಿಹಿಗಾಗಿ ಭೂಮಿಯ ಇನ್ನೊಂದು ಬದಿಯಲ್ಲಿ ಹೆಸರಿಲ್ಲದೆ ಮಣ್ಣಾದವರನ್ನೂ ಒಂದು ಕ್ಷಣ ನೆನೆಯಬಹುದು.