ನೂಲು ಕಡಿದರೆ ನಿಲ್ಲುವ ಮಗ್ಗ

ಯುಗಾದಿಗೆ ನಮ್ಮವರೆಲ್ಲ ಸೇರುವ ಸಭಾಂಗಣದ ಪಾರ್ಕಿಂಗ್ ಲಾಟಿನಲ್ಲಿ ಕ್ಯಾಮ್ರಿ, ಕೊರೊಲ್ಲಾಗಳಿಗೆ ಬರವಿಲ್ಲ. ಈ ಕಾರುಗಳ ವಂಶಾವಳಿಯನ್ನು ಹಿಡಿದು ಹಿಂದಕ್ಕೆ ಹೋದರೆ ಕೊನೆಗೆ ಸಿಗುವುದು ಎಂಜಿನ್ನೂ ಅಲ್ಲ, ಚಕ್ರವೂ ಅಲ್ಲ. ಒಂದು ಮರದ ಮಗ್ಗ!

ಸಾಕಿಚಿ ಟೊಯೊಡಾ ಹುಟ್ಟಿದ್ದು 1867ರಲ್ಲಿ, ಈಗಿನ ಶಿಜುವೊಕಾ ಪ್ರಾಂತದ ಒಂದು ಹಳ್ಳಿಯಲ್ಲಿ. ತಂದೆ ಬಡಗಿ. ಕೈಮಗ್ಗದ ಮುಂದೆ ಹೆಂಗಸರು ಪಡುವ ಪಾಡನ್ನು ನೋಡುತ್ತ ಬೆಳೆದ ಈತ, ಒಂದೇ ಕೈಯಲ್ಲಿ ನಡೆಸಬಹುದಾದ ಮಗ್ಗವನ್ನು ಮಾಡಿ 1891ರಲ್ಲಿ ಪೇಟೆಂಟ್ ಪಡೆದ. 1896ರಲ್ಲಿ ಉಗಿಯ ಬಲದಿಂದ ನಡೆಯುವ ಮಗ್ಗ ಬಂತು. ಅದರಲ್ಲೊಂದು ಜಾಣತನವಿತ್ತು: ಹೊಕ್ಕಿನ ಎಳೆ ಕಡಿದರೆ ಮಗ್ಗ ತಾನಾಗಿಯೇ ನಿಂತುಬಿಡುತ್ತಿತ್ತು.

ಮೇಲ್ನೋಟಕ್ಕೆ ಸಣ್ಣ ಸಂಗತಿ. ಆದರೆ ಈ ಗುಣವಿಲ್ಲದ ಯಂತ್ರಮಗ್ಗ, ನೂಲು ಕಡಿದ ಮೇಲೂ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯುತ್ತಲೇ ಹೋಗುತ್ತದೆ. ಅದನ್ನು ತಡೆಯಲು ಸದಾ ಒಬ್ಬರು ಕಾವಲಿರಬೇಕು. ತಾನೇ ನಿಲ್ಲುವ ಮಗ್ಗವಾದರೆ ಒಬ್ಬಳೇ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳಬಹುದು. ಇದಕ್ಕೆ ಜಪಾನಿನಲ್ಲಿ 'ಜಿದೋಕಾ' ಎನ್ನುತ್ತಾರೆ. ಸ್ವಯಂಚಾಲನೆ ಎಂದರ್ಥ. ಆದರೆ ಟೊಯೊಟಾದವರು ಇದನ್ನು ಬರೆಯುವಾಗ 'ಚಲನೆ'ಯ ಅಕ್ಷರಕ್ಕೆ 'ಮನುಷ್ಯ' ಎಂಬ ಗುರುತನ್ನು ಸೇರಿಸುತ್ತಾರೆ, ನಾವು ವ್ಯಂಜನಕ್ಕೆ ಗುಣಿತ ಹಚ್ಚುವ ಹಾಗೆ.

1929ರಲ್ಲಿ ಸಾಕಿಚಿಯ ಮುಂದಿನ ಸ್ವಯಂಚಾಲಿತ ಮಗ್ಗದ ಪೇಟೆಂಟ್ ಹಕ್ಕಿಗಾಗಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಒಂದು ಲಕ್ಷ ಪೌಂಡ್ ಕೊಡಲು ಒಪ್ಪಿತು. ಮಗ್ಗದ ಯಂತ್ರಗಳಿಗೆ ಲೋಕದಲ್ಲೇ ಹೆಸರಾದ ಕಂಪನಿ ಅದು! ಮರುವರ್ಷ ಸಾಕಿಚಿ ತೀರಿಕೊಂಡ. ಮಗ ಕೀಚಿರೊಗೆ ಕಾರಿನ ಹುಚ್ಚು. ಮಗ್ಗದ ಕಾರ್ಖಾನೆಯೊಳಗೇ 1933ರಲ್ಲಿ ಕಾರು ವಿಭಾಗ ತೆರೆದ. 1936ರಲ್ಲಿ ಮೊದಲ ಕಾರನ್ನು ಮಾರುಕಟ್ಟೆಗೆ ತಂದ. 1937ರಲ್ಲಿ ಕಂಪನಿ ಬೇರೆಯಾಯಿತು. ಮನೆತನ ಟೊಯೊಡಾ, ಕಂಪನಿ ಟೊಯೊಟಾ. ಜಪಾನಿ ಲಿಪಿಯಲ್ಲಿ ಈ ಹೆಸರಿಗೆ ಎಂಟೇ ಗೆರೆ ಸಾಕು, ಎಂಟು ಅಲ್ಲಿ ಶುಭ. (ನಮ್ಮ ಸಂಖ್ಯಾಶಾಸ್ತ್ರಿಗಳು ಗಮನಿಸಬೇಕು!)

ಶುಭಸಂಖ್ಯೆ ಮಾತ್ರ ಕಷ್ಟಕಾಲದಲ್ಲಿ ಕೈಹಿಡಿಯಲಿಲ್ಲ. ಯುದ್ಧದಲ್ಲಿ ಸೋತ ಜಪಾನಿನಲ್ಲಿ ಹಣದ ಮುಗ್ಗಟ್ಟು. 1950ರ ಹೊತ್ತಿಗೆ ಟೊಯೊಟಾ ದಿವಾಳಿಯ ಅಂಚಿಗೆ ಬಂತು. ಸಾಲ ಕೊಟ್ಟ ಬ್ಯಾಂಕುಗಳು ಕೆಲಸಗಾರರನ್ನು ಕಡಿಮೆ ಮಾಡಿ ಎಂದವು. ಯಾರನ್ನೂ ತೆಗೆಯುವುದು ಕೀಚಿರೊಗೆ ಬೇಕಿರಲಿಲ್ಲ. ಮುಷ್ಕರ ನಡೆಯಿತು. ಕೊನೆಗೆ ಎರಡು ಸಾವಿರಕ್ಕೂ ಹೆಚ್ಚು ಜನ ಹೊರನಡೆದರು. ಅವರ ಜೊತೆಗೆ ತಾನೂ ರಾಜೀನಾಮೆ ಕೊಟ್ಟ. ಅದೇ ಜೂನ್ ತಿಂಗಳಲ್ಲಿ ಕೊರಿಯಾ ಯುದ್ಧ ಶುರುವಾಗಿ, ಅಮೆರಿಕದ ಸೇನೆ ಟ್ರಕ್ಕುಗಳಿಗೆ ಆರ್ಡರ್ ಕೊಟ್ಟಿತು. ಕಂಪನಿ ಉಳಿಯಿತು. ಮತ್ತೆ ಬನ್ನಿ ಎಂಬ ಕರೆ ಕೀಚಿರೊಗೂ ಬಂತು; ಆದರೆ ಹಿಂದಿರುಗುವ ಮುನ್ನವೇ, 1952ರಲ್ಲಿ, ತೀರಿಕೊಂಡ. ಆಗ ವಯಸ್ಸು 57.

ಅಪ್ಪನ ಮಗ್ಗದ ಪಾಠವನ್ನು ಕಾರಿಗೆ ತಂದವರು ತಾಯಿಚಿ ಓನೊ. ಇವರೂ ಟೊಯೊಡಾ ಕುಟುಂಬದ ಬಟ್ಟೆಗಿರಣಿಯಿಂದಲೇ ಬಂದವರು. ಮುಂದಿನ ಹಂತದವರು ಕೇಳಿದಾಗ, ಕೇಳಿದಷ್ಟೇ ಮಾಡಿಕೊಡಬೇಕು. ಹಾಗೆ ಕೇಳಲು ಬಳಸುವ ಚೀಟಿಯೇ 'ಕಾನ್‌ಬಾನ್'. (ನಮ್ಮ ಸಾಫ್ಟ್‌ವೇರ್ ಕಚೇರಿಗಳ ಗೋಡೆ ಏರಿದ್ದು ಇದೇ ಪುಣ್ಯಾತ್ಮ!) ಇದಕ್ಕಿಂತ ದೊಡ್ಡದು ಇನ್ನೊಂದು ನಿಯಮ: ತಪ್ಪು ಕಂಡರೆ ಯಾವ ಕೆಲಸಗಾರನಾದರೂ ತಲೆಯ ಮೇಲಿನ ಹಗ್ಗ ಎಳೆಯಬಹುದು. ದೀಪ ಹೊತ್ತುತ್ತದೆ, ಮೇಲಿನವರು ಓಡಿ ಬರುತ್ತಾರೆ, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನೇ ನಿಲ್ಲುತ್ತದೆ. ಆಮೇಲೆ ಕೇಳುವ ಪ್ರಶ್ನೆ 'ಯಾರು ಮಾಡಿದ್ದು?' ಎಂದಲ್ಲ, 'ಯಾಕಾಯಿತು?' ಎಂದು, ಅದೂ ಐದು ಸಲ. ಬಿಲ್ಡ್ ಮುರಿದ ರಾತ್ರಿಗಳಲ್ಲಿ ಮೊದಲನೆಯ ಪ್ರಶ್ನೆಯನ್ನೇ ಕೇಳಿಸಿಕೊಂಡವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

ಇದೆಲ್ಲ ಜಪಾನೀಯರಿಗೆ ಮಾತ್ರ ಸಾಧ್ಯ ಎನ್ನುವವರಿಗೆ ಉತ್ತರ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಸಿಕ್ಕಿತು. ಅಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿಗೂ ಜಗಳಕ್ಕೂ ಕುಖ್ಯಾತವಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಜೊತೆಗೂಡಿ ಅದನ್ನು ಮತ್ತೆ ತೆರೆದಾಗ ಬಂದವರಲ್ಲಿ ಹೆಚ್ಚಿನವರು ಹಳೆಯ ಕೆಲಸಗಾರರೇ, ಯೂನಿಯನ್ನೂ ಹಳೆಯದೇ. ಹೊಸದಾಗಿ ಬಂದದ್ದು ಆ ಹಗ್ಗ, ಅದನ್ನು ಎಳೆದವನನ್ನು ಬೈಯದ ಮೇಲಧಿಕಾರಿ. ಅದೇ ಕೈಗಳಿಂದ ಜಪಾನಿಗೆ ಸಾಟಿಯಾದ ಕಾರುಗಳು ಹೊರಬಂದವು. 2010ರಲ್ಲಿ ಆ ಜಂಟಿ ಕಾರ್ಖಾನೆ ಮುಚ್ಚಿ, ಜಾಗ ಟೆಸ್ಲಾ ಪಾಲಾಯಿತು.

ಹಗ್ಗ ಎಳೆಯುವುದನ್ನು ಲೋಕಕ್ಕೆ ಕಲಿಸಿದವರು ಸ್ವತಃ ಮರೆತದ್ದೂ ಆ ವರ್ಷಗಳಲ್ಲೇ. 2008ರಲ್ಲಿ ಟೊಯೊಟಾ ಜನರಲ್ ಮೋಟರ್ಸನ್ನು ಹಿಂದೆ ಹಾಕಿ ಲೋಕದಲ್ಲೇ ಮೊದಲನೆಯದಾಯಿತು. 2009ರ ಆಗಸ್ಟಿನಲ್ಲಿ ಸ್ಯಾನ್ ಡಿಯಾಗೊ ಬಳಿ, ಕಾಲಡಿಯ ಮ್ಯಾಟಿಗೆ ಆಕ್ಸಿಲರೇಟರ್ ಪೆಡಲ್ ಸಿಕ್ಕಿಕೊಂಡು ಕಾರು ನಿಲ್ಲದೆ ನಾಲ್ವರು ಸತ್ತರು. ಲಕ್ಷಾಂತರ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. 2010ರ ಫೆಬ್ರವರಿಯಲ್ಲಿ ಸಾಕಿಚಿಯ ಮರಿಮಗ ಅಕಿಯೊ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು, ನಾವು ಅತಿ ವೇಗದಲ್ಲಿ ಬೆಳೆದೆವು ಎಂದು ಒಪ್ಪಿಕೊಂಡರು. ಸುರಕ್ಷತೆಯ ದೋಷಗಳನ್ನು ಗ್ರಾಹಕರಿಂದ ಮುಚ್ಚಿಟ್ಟದ್ದಕ್ಕೆ 2014ರಲ್ಲಿ ಕಂಪನಿ ತೆತ್ತದ್ದು 120 ಕೋಟಿ ಡಾಲರ್. ನೂಲು ಕಡಿದಿತ್ತು, ಮಗ್ಗ ನಡೆಯುತ್ತಲೇ ಇತ್ತು.

ನಮ್ಮ ನಾಡಿಗೂ ಇವರು ಬಂದದ್ದು ಜವಳಿಯ ದಾರಿಯಲ್ಲೇ. 1995ರಲ್ಲಿ ಕಿರ್ಲೋಸ್ಕರ್ ಜೊತೆ ಬೆಂಗಳೂರಿನ ಬಳಿ ನೂಲುವ ಯಂತ್ರಗಳ ಕಂಪನಿ. 1997ರಲ್ಲಿ ಕಾರಿನ ಕಂಪನಿ. 1999ರ ಕೊನೆಗೆ ಬಿಡದಿಯಿಂದ ಮೊದಲ ಕ್ವಾಲಿಸ್. ಅದೇ ಬಿಡದಿಯಲ್ಲಿ 2020ರ ನವೆಂಬರಿನಲ್ಲಿ ಕೆಲಸದ ಹೊರೆ ಹೆಚ್ಚಾಯಿತು ಎಂದು ಕೆಲಸಗಾರರು, ಅಶಿಸ್ತು ಎಂದು ಆಡಳಿತ. ಯೂನಿಯನ್ ನಾಯಕನೊಬ್ಬನ ಅಮಾನತು, ಮುಷ್ಕರ, ಬೀಗಮುದ್ರೆ. ತಿಂಗಳುಗಟ್ಟಲೆ ಎಳೆದಾಡಿತು. ಯಾರು ಸರಿ ಎಂಬ ತೀರ್ಪು ನಮ್ಮದಲ್ಲ. ಆದರೆ ಓನೊ ಕಲಿಸಿದ್ದ ಪ್ರಶ್ನೆ ಅಲ್ಲಿಗೂ ಸಲ್ಲುತ್ತದೆ: ಯಾಕಾಯಿತು?

ಸಾಕಿಚಿಯ ಮಗ್ಗಕ್ಕೆ ಹೆದರಿಕೆ ಇರಲಿಲ್ಲ, ಕೆಲಸ ಹೋಗುವ ಭಯವೂ ಇರಲಿಲ್ಲ. ಎಳೆ ಕಡಿದೊಡನೆ ನಿಲ್ಲುತ್ತಿತ್ತು. ಮನುಷ್ಯನ ಕೈ ಹಾಗಲ್ಲ. ಹಗ್ಗವನ್ನು ತೂಗುಹಾಕುವುದು ಸುಲಭ. ಎಳೆದವನಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಕೆಲಸವನ್ನು ಮಾತ್ರ ಪ್ರತಿ ತಲೆಮಾರೂ ಹೊಸದಾಗಿ ಮಾಡಬೇಕಾಗುತ್ತದೆ.